ಮಾವಿನ ಮಿಲ್ಕ್‌ಶೇಕ್, ಎರಡನೇ ಟೇಕ್

ಅವಳ ಕೈಗಳು ಊರಿಗೆಲ್ಲ ಗೊತ್ತು, ಮುಖ ಮಾತ್ರ ಯಾರಿಗೂ ಗೊತ್ತಿಲ್ಲ.

ಅಡುಗೆ ವಿಡಿಯೋಗಳಲ್ಲಿ ಬರುವ ಕೈಗಳು ಅವು. ಈರುಳ್ಳಿ ಹೆಚ್ಚುವುದು, ಹಿಟ್ಟು ನಾದುವುದು, ಕೇಕಿನ ಮೇಲೆ ಸಕ್ಕರೆಪುಡಿ ಉದುರಿಸುವುದು, ಎಲ್ಲ ಅವೇ. ದನಿ ಬೇರೆಯವರದು. ಆ ದನಿಯ ಒಡತಿಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ, ಚಾನೆಲ್ಲೂ ಅಕ್ಕನದೇ. ಮಾತಿಗೆ ಕೂತರೆ ಮೈಕಿಗೇ ಸುಸ್ತಾಗಬೇಕು, ಅಂಥ ಬಾಯಿ. ಆದರೆ ಅಕ್ಕನಿಗೆ ನೆಟ್ಟಗೆ ಒಂದು ಮೊಟ್ಟೆ ಒಡೆಯಲೂ ಬರುವುದಿಲ್ಲ, ಅದು ಮನೆಯೊಳಗಿನ ಗುಟ್ಟು. ಹಾಗಾಗಿ ಬಾಯಿ ಅಕ್ಕನದು, ಕೈ ಇವಳದು. ಇವೆರಡನ್ನೂ ಹೊಂದಿಸುವ ಕಣ್ಣು ಅಕ್ಕನ ತಮ್ಮನದು. ಕ್ಯಾಮೆರಾ ಹಿಡಿಯುವವನು ಅವನೇ.

ಶೂಟಿಂಗ್ ನಡೆಯುವುದು ಇವಳ ಮನೆಯ ಅಡುಗೆಮನೆಯಲ್ಲಿ. ಕಟ್ಟೆಯ ಮೇಲೆ ದೊಡ್ಡ ಕಿಟಕಿ ಇದೆ, ಬೆಳಗ್ಗೆ ಹೊತ್ತು ಬೆಳಕು ಹಾಲಿನಂತೆ ಬಂದು ಬೀಳುತ್ತದೆ. "ನನ್ನ ಅಡುಗೆಮನೇಲಿ ಒಂದು ಲೋಟ ನೀರು ಕುಡಿಯೋಕೂ ನಾನು ಪರ್ಮಿಷನ್ ಕೇಳಬೇಕು" ಎಂದು ಇವಳ ಅಮ್ಮ ಗೊಣಗುತ್ತ ಪಕ್ಕದ ಮನೆಗೆ ಹೋಗಿ ಕೂರುತ್ತಾಳೆ. ಹಾಗಂತ ಅವನು ಬರುವ ದಿನ ಮನೆ ಗುಡಿಸಿ ಒರೆಸುವುದನ್ನು ತಪ್ಪಿಸಿದವಳಲ್ಲ.

ಕ್ಯಾಮೆರಾದ ಚೌಕಟ್ಟು ಮೊಣಕೈಗೆ ಮುಗಿಯುತ್ತದೆ. ಅಲ್ಲಿಂದಾಚೆ ಇರುವುದೆಲ್ಲ ಅವರಿಬ್ಬರ ಸ್ವಂತದ್ದು. ಕೈ ಕೆಳಗೆ ಕ್ಯಾರೆಟ್ ಹೆಚ್ಚುತ್ತಿದ್ದರೆ ಮೇಲೆ ಮುಖ ಏನು ಬೇಕಾದರೂ ಮಾಡಬಹುದು, ಯಾರು ಕೇಳುತ್ತಾರೆ? ಅವನಂತೂ ಕೇಳುವುದೇ ಬೇಡ. ಕ್ಯಾಮೆರಾದ ಹಿಂದಿನಿಂದ ತಲೆ ಹೊರಗೆ ಹಾಕಿ ಒಂದು ಹುಬ್ಬು ಹಾರಿಸುವನು. ಇವಳು ಕಣ್ಣು ಕೆಕ್ಕರಿಸುವಳು. ಅವನು ಹೆದರಿದವನ ಹಾಗೆ ಎದೆ ಹಿಡಿದುಕೊಳ್ಳುವನು. ತುಟಿಯ ಒಂದು ಅಂಚು ಇವಳ ಮಾತು ಕೇಳದೆ ಮೇಲೇಳುವುದು.

"ಕೈ ನಗ್ತಾ ಇದೆ ಮೇಡಂ" ಎನ್ನುವನು ಮೆಲ್ಲಗೆ. "ಕೈ ನಗಬಾರದು, ಕಟ್."

"ನೀನು ನಗಿಸಬೇಡ, ನನ್ನ ಕೈ ಸುಮ್ಮನಿರುತ್ತೆ."

"ನಾನೆಲ್ಲಿ ನಗಿಸಿದೆ? ಕೆಲಸ ಮಾಡ್ತಿದ್ದೀನಪ್ಪ."

ಪ್ರತಿ ವಿಡಿಯೋದ ಕೊನೆಗೆ ಒಂದು ಪದ್ಧತಿ. ಅಡುಗೆ ಮುಗಿದು ತಟ್ಟೆಯನ್ನು ಇವಳು ಕಟ್ಟೆಯ ಮೇಲಿಟ್ಟ ಮೇಲೆ, ಎದುರಿನಿಂದ ಇನ್ನೊಂದು ಕೈ ಚೌಕಟ್ಟಿನೊಳಗೆ ಬಂದು ಅದನ್ನು ಎತ್ತಿಕೊಳ್ಳುತ್ತದೆ. ಅದು ಅವನ ಕೈ. ಮೊದಲ ಸಲ ಹಸಿವು ತಡೆಯಲಾರದೆ ಕೈ ಹಾಕಿದ್ದ, ಅಕ್ಕನಿಗೆ ಅದೇ ಇಷ್ಟವಾಗಿ ಉಳಿಸಿಕೊಂಡಳು. ವಿಡಿಯೋ ನೋಡುವವರಿಗೂ ಅದೇ ಇಷ್ಟ. 'ಆ ಎರಡನೇ ಕೈ ಯಾರದು? ಗಂಡನದಾ?' ಎಂದು ಕೆಳಗೆ ಕಮೆಂಟ್ ಹಾಕುತ್ತಾರೆ. ಅಕ್ಕ ಉತ್ತರ ಕೊಡದೆ ಮಜಾ ತೆಗೆದುಕೊಳ್ಳುತ್ತಾಳೆ. ಇವಳು ಆ ಕಮೆಂಟುಗಳನ್ನು ಕದ್ದು ಓದಿ, ಫೋನು ಮಗುಚಿಟ್ಟು, ಮತ್ತೆ ತೆಗೆದು ಓದುತ್ತಾಳೆ. ಪ್ರೀತಿ ಅನ್ನದೆ ಅದಕ್ಕೆ ಇನ್ನೇನನ್ನಬೇಕು? ಇವಳಿಗೆ ಅವನೆಂದರೆ ಪ್ರಾಣವಾಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೋದ ವರ್ಷ ಇದ್ದಕ್ಕಿದ್ದಂತೆ ಅವನು ಸುಮ್ಮನಾದ. ಹುಬ್ಬು ಹಾರಿಸುವುದು ನಿಂತಿತು. ತಲೆ ಕ್ಯಾಮೆರಾದ ಹಿಂದೆಯೇ ಉಳಿಯಿತು. "ರೆಡಿನಾ?" "ರೆಡಿ." ಅಷ್ಟೇ ಮಾತು. ತಾನೇನು ತಪ್ಪು ಮಾಡಿದೆನೆಂದು ತಲೆ ಕೆರೆದುಕೊಂಡರೂ ಇವಳಿಗೆ ಹೊಳೆಯಲಿಲ್ಲ. ಕೇಳಲು ಬಿಂಕ ಅಡ್ಡ ಬಂತು. ಆಮೇಲೊಂದು ದಿನ ಅಕ್ಕನೇ ಸಡಗರದಿಂದ ಹೇಳಿದಳು: ತಮ್ಮನಿಗೆ ಹುಡುಗಿ ಗೊತ್ತಾಗಿದ್ದಾಳೆ, ಹಲ್ಲಿನ ಡಾಕ್ಟರ್, ಬಹಳ ಒಳ್ಳೆಯವಳು. ಇವಳು ಆಗ ಟೊಮೆಟೊ ಹೆಚ್ಚುತ್ತಿದ್ದಳು. "ಹೌದಾ, ತುಂಬಾ ಖುಷಿ" ಎಂದಳು. ಆ ವಿಡಿಯೋದಲ್ಲಿ ಟೊಮೆಟೊ ಎಷ್ಟು ಸಣ್ಣಗಿದೆ ಎಂದು ಜನ ಹೊಗಳಿದರು.

ಇವತ್ತು ಈ ಅಡುಗೆಮನೆಯಲ್ಲಿ ಕೊನೆಯ ಶೂಟಿಂಗ್. ಮದುವೆಯಾದ ಮೇಲೆ ಅವನು ಹುಡುಗಿಯ ಕ್ಲಿನಿಕ್ ಇರುವ ಊರಿಗೆ ಹೋಗುತ್ತಾನೆ. ಅಕ್ಕ ಬಾಡಿಗೆ ಸ್ಟುಡಿಯೋ ನೋಡಿದ್ದಾಳೆ, ಹೊಸ ಕ್ಯಾಮೆರಾದವನನ್ನೂ ನೋಡಿದ್ದಾಳೆ. "ಕೊನೇದಲ್ವಾ, ಸುಲಭದ್ದು ಮಾಡೋಣ. ಮ್ಯಾಂಗೋ ಮಿಲ್ಕ್‌ಶೇಕ್" ಎಂದಳು.

ಸುಲಭವಂತೆ! ಕ್ಯಾಮೆರಾದ ಮುಂದೆ ಮಿಲ್ಕ್‌ಶೇಕ್‌ನಷ್ಟು ಹಠಮಾರಿ ಇನ್ನೊಂದಿಲ್ಲ. ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ. ನೊರೆ ಎದ್ದು ನಿಂತಿರುವುದು ಸ್ವಲ್ಪವೇ ಹೊತ್ತು. ಅಷ್ಟರೊಳಗೆ ಸುರಿದು, ತೋರಿಸಿ, ಎತ್ತಿಕೊಂಡು ಮುಗಿಸಬೇಕು.

ಇವಳು ಹಿಂದಿನ ದಿನವೇ ಹಣ್ಣುಗಳನ್ನು ಮೂಸಿ ನೋಡಿ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದಳು. ತೊಟ್ಟಿನ ಹತ್ತಿರ ಘಮ್ಮೆನ್ನಬೇಕು, ಒತ್ತಿದರೆ ಕೆನ್ನೆ ಒತ್ತಿದ ಹಾಗಿರಬೇಕು. ಹಾಲು ಕಾಯಿಸಿ ಆರಿಸಿ ತಣ್ಣಗೆ ಮಾಡಿದ್ದಳು. ಅಕ್ಕ ಹೊಸ ಓಲೆ ಹಾಕಿಕೊಂಡು ಬಂದಳು. "ಚೆನ್ನಾಗಿದೆ ಅಕ್ಕ" ಎಂದಳು ಇವಳು. ಅಕ್ಕ ಕಿವಿ ಮುಟ್ಟಿಕೊಂಡು ಬೀಗಿದಳು. ಹಿಂದೆ ಟ್ರೈಪಾಡ್ ಹೊತ್ತುಕೊಂಡು ಅವನು ಬಂದ. ಇವಳನ್ನು ನೋಡಿ ಅರ್ಧ ನಕ್ಕ. ಉಳಿದರ್ಧ ಎಲ್ಲಿಟ್ಟು ಬಂದನೋ.

"ರೆಡಿನಾ?"

"ರೆಡಿ."

ಇವಳು ಹಣ್ಣಿನ ಸಿಪ್ಪೆ ತೆಗೆದು, ಓಟೆಯ ಸುತ್ತ ಚಾಕು ಓಡಿಸಿ ತುಂಡು ಮಾಡಿದಳು. ಒಂದಿಷ್ಟು ಚಿಕ್ಕ ತುಂಡುಗಳನ್ನು ಮೇಲಲಂಕಾರಕ್ಕೆ ಎತ್ತಿಟ್ಟಳು. ಉಳಿದದ್ದನ್ನು ಜಾರಿಗೆ ಹಾಕಿ, ಹಾಲಿಲ್ಲದೆ ಮೊದಲು ಹಣ್ಣನ್ನಷ್ಟೇ ತಿರುಗಿಸಿದಳು. ಹಾಗೆ ಮಾಡಿದರೆ ಗಂಟು ಉಳಿಯುವುದಿಲ್ಲ. ಆಮೇಲೆ ಸ್ವಲ್ಪ ಹಾಲು, ಆಮೇಲೆ ಉಳಿದ ಹಾಲು. ಸಕ್ಕರೆ ಚೂರೇ ಚೂರು. ಐಸ್ ಇಲ್ಲ, ಐಸ್ ಹಾಕಿದರೆ ರುಚಿ ನೀರಾಗುತ್ತದೆ. ಮಿಕ್ಸಿಯ ಶಬ್ದವನ್ನು ಆಮೇಲೆ ಅಕ್ಕ ಅಳಿಸಿ ಸಂಗೀತ ಹಾಕುತ್ತಾಳೆ. ಗ್ಲಾಸನ್ನು ಓರೆ ಹಿಡಿದು ಸುರಿದಳು, ನೊರೆ ಮೇಲೇರಿ ಅಂಚಿಗೆ ಬಂದು ನಿಂತಿತು. ಹಣ್ಣಿನ ತುಂಡುಗಳನ್ನು ಬೆರಳ ತುದಿಯಿಂದ ಇಳಿಬಿಟ್ಟಳು.

ಅಷ್ಟು ಹೊತ್ತಿಗೆ ಅಕ್ಕನ ಫೋನು. "ಸ್ಟುಡಿಯೋದವರು. ನೀವು ಮುಗಿಸಿ, ಬಂದೆ" ಎಂದು ಅಕ್ಕ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಳು.

ಅವನು ಕ್ಯಾಮೆರಾ ಬಿಟ್ಟು ಎದುರಿಗೆ ಬಂದು ನಿಂತ. ಕೈ ಚಾಚಿದ. ಬೆರಳಲ್ಲಿ ನಿಶ್ಚಿತಾರ್ಥದ ಉಂಗುರ ಇತ್ತು.

"ಉಂಗುರ ತೆಗಿ" ಎಂದಳು ಇವಳು. ಹೊಟ್ಟೆಕಿಚ್ಚಿನಿಂದ ಅಲ್ಲ, ಅಭ್ಯಾಸದಿಂದ. ಈ ಚಾನೆಲ್ಲಿನಲ್ಲಿ ಕೈಗಳೆರಡೂ ಬರಿಗೈ. ಇವಳು ಮೊದಲ ದಿನವೇ ಹಾಕಿದ ನಿಯಮ ಅದು. ಬಳೆ ಇಲ್ಲ, ಉಂಗುರ ಇಲ್ಲ, ಉಗುರಿಗೆ ಬಣ್ಣ ಇಲ್ಲ. ಮಿಂಚುವುದು ಏನಾದರೂ ಇದ್ದರೆ ಜನ ಅದನ್ನೇ ನೋಡುತ್ತಾರೆ, ಅಡುಗೆ ನೋಡುವುದಿಲ್ಲ.

ಅವನು ಉಂಗುರ ತಿರುಗಿಸಿದ, ಬರಲಿಲ್ಲ. ನಕ್ಕ. ಆ ನಗು ಇವಳಿಗೆ ಹಿಡಿಸಲಿಲ್ಲ.

"ಏನು?"

"ಏನಿಲ್ಲ. ಉಂಗುರ ಕಂಡ್ರೆ ನಿನಗೆ ಆಗಲ್ಲ ಅಂತ ಗೊತ್ತು. ಅವತ್ತೂ ಹೀಗೇ ಹೇಳಿದೆ. ತಲೆ ಕೂಡ ಎತ್ತಲಿಲ್ಲ."

"ಯಾವತ್ತು?"

"ಬ್ರೆಡ್ ಮಾಡಿದ ದಿನ."

ಬ್ರೆಡ್ ಮಾಡಿದ ದಿನ. ಇವಳಿಗೆ ನೆನಪಿತ್ತು. ಮೊಣಕೈವರೆಗೆ ಹಿಟ್ಟು. ಕಟ್ಟೆಯ ಮೇಲೆ, ಹಿಟ್ಟಿನ ಪಕ್ಕ, ಅವನೊಂದು ಪುಟ್ಟ ಡಬ್ಬಿ ತೆರೆದಿಟ್ಟಿದ್ದ. ಒಳಗೆ ಉಂಗುರ. 'ಹಾಕ್ಕೋತೀಯಾ?' ಎಂದಿದ್ದ. ಆ ವಾರವೆಲ್ಲ ಅಕ್ಕ ಒಂದು ಒಡವೆ ಅಂಗಡಿಯವರ ಜಾಹೀರಾತು ಬಂದಿದೆ, ಇವಳ ಕೈಗೆ ಅವರ ಉಂಗುರ ಹಾಕಿಸಬೇಕು ಎಂದು ಬೆನ್ನು ಬಿದ್ದಿದ್ದಳು. 'ಬೇಡ, ತೆಗಿ, ಫ್ರೇಮಲ್ಲಿ ಬರುತ್ತೆ' ಎಂದಿದ್ದಳು ಇವಳು, ಹಿಟ್ಟು ಮಡಿಸುತ್ತಲೇ.

"ಅದು ಆ ಒಡವೆ ಅಂಗಡಿಯವರದಲ್ವಾ?" ಎಂದಳು.

"ಯಾವ ಅಂಗಡಿಯವರು?"

"ಅಕ್ಕ ಹೇಳ್ತಿದ್ರಲ್ಲ, ಜಾಹೀರಾತು. ನನ್ನ ಕೈಗೆ ಹಾಕಿಸಬೇಕು ಅಂತ."

ಅವನು ಉಂಗುರ ತಿರುಗಿಸುವುದನ್ನು ನಿಲ್ಲಿಸಿದ. ಮುಖದ ಬಣ್ಣ ಇಳಿಯಿತು.

"ಅದು ನಾನು ತಂದಿದ್ದು" ಎಂದ. "ನಿನಗೆ. ನಿನ್ನ ಬೆರಳಿನ ಅಳತೆ ಗೊತ್ತಾಗಲಿ ಅಂತ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ದೆ. ಅಂಗಡಿಯವನು ನಕ್ಕಿದ್ದ."

ಕಟ್ಟೆಯ ಅಂಚನ್ನು ಹಿಡಿದುಕೊಂಡಳು.

"ನೀನು ಬಾಯಿಬಿಟ್ಟು ಹೇಳಬೇಕಿತ್ತು."

"ಹಾಕ್ಕೋತೀಯಾ ಅಂದೆನಲ್ಲ! ಇನ್ನು ಹೇಗೆ ಹೇಳಬೇಕು? ನೀನು ತೆಗಿ ಅಂದೆ. ಹಿಟ್ಟಿನಿಂದ ಕಣ್ಣೇ ಎತ್ತಲಿಲ್ಲ. ನಾನು ಅಂದ್ಕೊಂಡೆ, ಎದುರಿಗೆ ಇಲ್ಲ ಅನ್ನೋಕೆ ಸಂಕೋಚ, ಅದಕ್ಕೇ ಕೆಲಸದ ನೆಪ ಹೇಳ್ತಿದ್ದಾಳೆ ಅಂತ. ನಿನಗೆ ಮುಜುಗರ ಆಗದಿರಲಿ ಅಂತ ಆಮೇಲೆ ಆ ಮಾತೇ ಎತ್ತಲಿಲ್ಲ."

"ಅದಕ್ಕಾ ನೀನು ಸುಮ್ಮನಾಗಿದ್ದು?"

"ಇನ್ನೇನು ಮಾಡಲಿ?"

ಒಬ್ಬರಿಗೊಬ್ಬರು ಮುಜುಗರ ಆಗದಿರಲೆಂದು ಇಷ್ಟು ಕಾಲ ಎದುರುಬದುರು ನಿಂತು ಕೆಲಸ ಮಾಡಿದ್ದರು. ಇಂಥ ಸಭ್ಯತೆಗೆ ಬೆಂಕಿ ಬೀಳಲಿ.

"ಆ ಉಂಗುರ ಎಲ್ಲಿದೆ ಈಗ?"

ಅವನು ಬಾಲ್ಕನಿಯ ಕಡೆ ನೋಡಿದ. "ಅಕ್ಕನಿಗೆ ಕೊಟ್ಟೆ. ಕರಗಿಸಿ ಓಲೆ ಮಾಡಿಸಿಕೊಂಡ್ಲು. ಯಾರಿಗೆ ತಂದಿದ್ದೆ ಅಂತಾನೂ ಕೇಳಲಿಲ್ಲ. ಚಿನ್ನ ಕೈಗೆ ಬಂದ್ರೆ ಅಕ್ಕ ಪ್ರಶ್ನೆ ಕೇಳಲ್ಲ."

ಇವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಗಾಜಿನ ಬಾಗಿಲಿನಾಚೆ ಅಕ್ಕ ಫೋನಿನಲ್ಲಿ ತಲೆ ಅಲ್ಲಾಡಿಸುತ್ತ ಮಾತಾಡುತ್ತಿದ್ದಳು. ತಲೆ ಅಲುಗಿದಾಗಲೆಲ್ಲ ಕಿವಿಯಲ್ಲಿ ಆ ಚಿನ್ನ ಮಿಣುಕುತ್ತಿತ್ತು.

"ನನಗೆ ಗೊತ್ತಿರಲಿಲ್ಲ" ಎಂದಳು. "ಗೊತ್ತಿದ್ದಿದ್ರೆ ಹಿಟ್ಟಿನ ಕೈಯಲ್ಲೇ ಹಾಕ್ಕೋತಿದ್ದೆ. ವಿಡಿಯೋ ಹಾಳಾಗಿ ಹೋಗಲಿ ಅಂತಿದ್ದೆ." ಆಮೇಲೆ, ಉಸಿರು ಎಳೆದುಕೊಂಡು ಕೇಳಿದಳು: "ಹಾಗಾದ್ರೆ ಈಗ?"

ಅವನು ಬಾಯಿ ತೆರೆದ. ಬಾಲ್ಕನಿಯ ಬಾಗಿಲೂ ತೆರೆಯಿತು.

"ಅಯ್ಯೋ ನಿಮ್ಮ!" ಅಕ್ಕ ಹಣೆ ಹಣೆ ಚಚ್ಚಿಕೊಂಡಳು. "ನೊರೆಯೆಲ್ಲ ಇಳಿದು ಹೋಯ್ತಲ್ಲೋ! ತುಂಡುಗಳೂ ತಳಕ್ಕೆ ಮುಳುಗಿವೆ. ಇಬ್ಬರೂ ನಿಂತ್ಕೊಂಡು ಏನು ಮಾಡ್ತಿದ್ರಿ, ಗ್ಲಾಸಿನ ಮುಖ ನೋಡ್ತಿದ್ರಾ? ಪುಟ್ಟಿ, ಹಣ್ಣು ಇದೆಯೇನೇ?"

"ಇದೆ ಅಕ್ಕ."

"ಮಾಡು ಮತ್ತೆ ಇನ್ನೊಂದು ಸಲ. ಏ, ನೀನು ಆ ಉಂಗುರಕ್ಕೆ ಸೋಪು ಹಚ್ಚಿ ತೆಗಿ."

ಅವನು ಸಿಂಕಿನ ಕಡೆ ಹೋದ. ಉಂಗುರ ಬಂತು. ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿ, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಇವಳ ಕಣ್ಣು ಅದನ್ನೂ ಕಂಡಿತು.

ಎರಡನೇ ಸಲ ಹಣ್ಣು ಹೆಚ್ಚುವುದು ಇದೆಯಲ್ಲ, ಅದು ಇವಳು ಮಾಡಿದ ಅತ್ಯಂತ ಕಷ್ಟದ ಕೆಲಸ. ಸಿಪ್ಪೆ ಒಂದೇ ಎಳೆಯಾಗಿ ಇಳಿಯಬೇಕು, ಇಳಿಯಿತು. ಚಾಕು ಓಟೆಗೆ ತಾಗದೆ ಓಡಬೇಕು, ಓಡಿತು. ಕೈ ಸ್ವಲ್ಪವೂ ನಡುಗಲಿಲ್ಲ. ಇಷ್ಟು ವರ್ಷ ತಾನು ಕಲಿತದ್ದು ಇದೊಂದೇ ಏನೋ ಅನ್ನಿಸಿತು, ಒಳಗೆ ಏನೇ ಆಗಲಿ ಕೈಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು. ಆ ವಿದ್ಯೆಯ ಮೇಲೆ ಇವಳಿಗೆ ಮೊದಲ ಸಲ ಸಿಟ್ಟು ಬಂತು.

ತಲೆ ಎತ್ತಿದಳು. ಅವನು ಕ್ಯಾಮೆರಾದ ಹಿಂದಿನಿಂದ ನೋಡುತ್ತಿದ್ದ. ಹುಬ್ಬು ಹಾರಲಿಲ್ಲ. ಕಣ್ಣುಗಳು ಕೆಂಪಾಗಿದ್ದವು. ಹೋದ ವರ್ಷದಿಂದ ಇವಳು ಕಾದಿದ್ದ ನೋಟ ಅದೇ, ಬಂದದ್ದು ಇವತ್ತು. ಇಬ್ಬರೂ ಕಣ್ಣು ಕೀಳಲಿಲ್ಲ. ಕೆಳಗೆ ಕೈ ತನ್ನ ಪಾಡಿಗೆ ತುಂಡುಗಳನ್ನು ಜಾರಿಗೆ ಸುರಿಯಿತು.

ಅಕ್ಕ ಪಕ್ಕದಲ್ಲೇ ನಿಂತು ಸ್ಟುಡಿಯೋದವರ ಬಾಡಿಗೆ, ಅವರ ಜಂಭ, ಎಲ್ಲ ಒಪ್ಪಿಸುತ್ತಿದ್ದಳು. ಇವಳು ಹಾಲು ಹಾಕಿ ಮುಚ್ಚಳ ಒತ್ತಿ ಹಿಡಿದು ಮಿಕ್ಸಿಯ ಗುಂಡಿ ತಿರುಗಿಸಿದಳು. ಮನೆಯೆಲ್ಲ ಗುರ್ ಎಂದಿತು. ಅಕ್ಕ ಕಿವಿಗೆ ಬೆರಳಿಟ್ಟುಕೊಂಡಳು.

ಆ ಗದ್ದಲದ ನಡುವೆ, ಅವನ ಮುಖವನ್ನೇ ನೋಡುತ್ತ, ಇವಳು ಹೇಳಿದಳು. ಗಟ್ಟಿಯಾಗಿಯೇ ಹೇಳಿದಳು. "ನಾನು ನಿನ್ನನ್ನ ಪ್ರೀತಿಸ್ತೀನಿ."

ಜೀವಮಾನದಲ್ಲಿ ಮೊದಲ ಸಲ ಬಾಯಿಂದ ಹೊರಬಿದ್ದ ಮಾತು. ತನ್ನ ದನಿ ತನಗೇ ಕೇಳಲಿಲ್ಲ. ಆದರೆ ಅವನು ತುಟಿ ನೋಡಿದ, ತಲೆ ತಗ್ಗಿಸಿದ, ಹಣೆಯನ್ನು ಕ್ಯಾಮೆರಾಕ್ಕೆ ಆನಿಸಿಕೊಂಡ. ಚೌಕಟ್ಟು ಅಲುಗಿತೋ ಏನೋ. ಇವಳು ಗುಂಡಿ ಆರಿಸಿದಳು.

"ಅಬ್ಬಾ" ಎಂದಳು ಅಕ್ಕ. "ಈ ಮಿಕ್ಸಿಗಾದರೂ ರಿಟೈರ್‌ಮೆಂಟ್ ಕೊಡೇ ಮಾರಾಯ್ತಿ."

ಈ ಸಲ ನೊರೆ ಇನ್ನೂ ಎತ್ತರಕ್ಕೆ ನಿಂತಿತು. ಇವಳು ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಮುಂದಕ್ಕೆ ಸರಿಸಿದಳು. ಬರಿಗೈ ಒಳಗೆ ಬಂತು. ಗ್ಲಾಸನ್ನು ಹಿಡಿಯಿತು, ಆದರೆ ತಕ್ಷಣ ಎತ್ತಲಿಲ್ಲ. ಇವಳ ಬೆರಳುಗಳೂ ಬಿಡಲಿಲ್ಲ. ತಣ್ಣಗಿನ ಗಾಜಿನ ಮೇಲೆ ನಾಲ್ಕಾರು ಬೆರಳುಗಳು ಒಂದಕ್ಕೊಂದು ತಾಗಿ ನಿಂತವು. ಆಮೇಲೆ ಇವಳೇ ಬಿಟ್ಟಳು.

"ಸೂಪರ್!" ಎಂದಳು ಅಕ್ಕ. "ಆ ಕೊನೇದು ಏನು ಚೆನ್ನಾಗಿ ಬಂತು! ಜನ ಸಾಯ್ತಾರೆ ನೋಡಿ."

ಅಕ್ಕ ಗಂಟುಮೂಟೆ ಕಟ್ಟಿ, ಇವಳ ಕೆನ್ನೆ ಹಿಂಡಿ, "ಮದುವೆಗೆ ಮುಂಚಿತವಾಗಿ ಬರಬೇಕು, ನೆಂಟರ ಹಾಗೆ ಬಂದ್ರೆ ಒದೀತೀನಿ" ಎಂದು ಕಾರು ತೆಗೆಯಲು ಕೆಳಗಿಳಿದಳು. ಅವನು ಟ್ರೈಪಾಡಿನ ಕಾಲು ಮಡಚುತ್ತ ಉಳಿದ. ಮಡಚುವುದು ಮುಗಿದ ಮೇಲೂ ಮಡಚುತ್ತಿದ್ದ.

"ಹಾಗಾದ್ರೆ ಈಗ ಅಂತ ನೀನು ಕೇಳಿದೆಯಲ್ಲ" ಎಂದ.

"ಕೇಳಿದೆ."

"ಮಾತು ಕೊಟ್ಟುಬಿಟ್ಟಿದ್ದೀನಿ, ಏನು ಮಾಡಲಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಹಾಗೇ ಹೇಳೋಣ ಅಂತಿದ್ದೆ, ನೀನು ಹಣ್ಣು ಹೆಚ್ಚುತ್ತಿದ್ದಾಗ." ಮಡಚುವುದನ್ನು ನಿಲ್ಲಿಸಿದ. "ಆದರೆ ಅದು ಸುಳ್ಳಾಗುತ್ತೆ. ನಿನಗೆ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ನನಗೆ ಅವಳು ಇಷ್ಟ. ಮೊದಮೊದಲು ನಿನ್ನನ್ನ ಮರೆಯೋಕೆ ಅಂತಾನೇ ಹೂಂ ಅಂದೆ. ಆಮೇಲೆ ಯಾವಾಗಲೋ ನಿಜವಾಗಿ ಇಷ್ಟ ಆದ್ಲು."

ಬರೀ ಕೊಟ್ಟ ಮಾತಾಗಿದ್ದರೆ ಜಗಳ ಆಡಬಹುದಿತ್ತು. ಅಕ್ಕನ ಕಾಲಿಗಾದರೂ ಬೀಳಬಹುದಿತ್ತು, ಆ ಡಾಕ್ಟರನ್ನೇ ಹುಡುಕಿಕೊಂಡು ಹೋಗಿ ನಡೆದದ್ದನ್ನು ಹೇಳಬಹುದಿತ್ತು. ಇದಕ್ಕೆ ಏನೂ ಮಾಡುವ ಹಾಗಿರಲಿಲ್ಲ.

"ಒಳ್ಳೆಯವಳಾ?" ಎಂದಳು.

"ಒಳ್ಳೆಯವಳು. ತುಂಬಾ ನಗಿಸ್ತಾಳೆ."

"ನಿನ್ನನ್ನಾ? ನೀನಲ್ವಾ ಎಲ್ಲರನ್ನೂ ನಗಿಸೋದು?"

"ನಿಲ್ಲಿಸಿದ್ದೆನಲ್ಲ. ಅವಳು ಮತ್ತೆ ಶುರು ಮಾಡಿಸಿದ್ಲು."

ಇವಳಿಗೆ ಚುಚ್ಚಿತು. ಆದರೂ ಅವನ ನಗು ಯಾರಿಂದಲೋ ಉಳಿಯಿತಲ್ಲ ಎಂದು ಒಂದು ಮೂಲೆಯಲ್ಲಿ ಸಮಾಧಾನವೂ ಆಯಿತು. ಪ್ರೀತಿ ಎಷ್ಟು ಹುಚ್ಚಾಟದ್ದು ನೋಡಿ.

"ಅವತ್ತು ನಾನು ಇನ್ನೊಂದು ಸಲ ಕೇಳಬೇಕಿತ್ತು" ಎಂದ ಅವನು.

ಪರವಾಗಿಲ್ಲ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ.

"ಹೌದು, ಕೇಳಬೇಕಿತ್ತು" ಎಂದಳು. "ನಾನು ತಲೆ ಎತ್ತಬೇಕಿತ್ತು. ನೀನು ಸುಮ್ಮನಾದಾಗ ಯಾಕೋ ಏನಾಯ್ತೋ ಅಂತ ಹಿಡಿದು ನಿಲ್ಲಿಸಿ ಕೇಳಬೇಕಿತ್ತು."

"ಮದುವೆಗೆ..."

"ಬರಲ್ಲ. ಕೋಪಕ್ಕಲ್ಲ. ಅಕ್ಕನಿಗೆ ನೀನೇ ಏನಾದ್ರೂ ಹೇಳು. ನಿನ್ನ ಎದುರಿಗೆ ನಗ್ತಾ ನಿಲ್ಲಬಲ್ಲೆ, ಅಭ್ಯಾಸ ಇದೆ. ಅವಳ ಪಕ್ಕ ನೀನು ನಿಂತಿರೋದನ್ನ ನೋಡಿ ನಗೋಕೆ ನನ್ನ ಕೈಲಿ ಆಗಲ್ಲ."

ಅವನು ಅತ್ತುಬಿಟ್ಟ. ಟ್ರೈಪಾಡನ್ನು ಗೋಡೆಗೆ ಒರಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ. ಇವಳ ಕೈ ಅವನ ತೋಳಿನವರೆಗೆ ಹೋಗಿ, ಒಮ್ಮೆ ಮುಟ್ಟಿ, ವಾಪಸು ಬಂತು. ಕೆಳಗೆ ಕಾರಿನ ಹಾರ್ನ್ ಕೇಳಿಸಿತು.

"ಹೋಗು" ಎಂದಳು. "ಅಕ್ಕ ಬೈತಾರೆ."

"ನೀನು ಚೆನ್ನಾಗಿರು."

"ಇರ್ತೀನಿ. ಈಗಲ್ಲ, ಆಮೇಲೆ. ಹೋಗು."

ಅವನು ಮೆಟ್ಟಿಲು ಇಳಿಯುವ ಸದ್ದು ಮುಗಿಯುವವರೆಗೆ ಇವಳು ಅಲ್ಲೇ ನಿಂತಿದ್ದಳು. ಆಮೇಲೆ ಚಾಕು ತೊಳೆದಳು, ಹಲಗೆ ತೊಳೆದಳು, ಜಾರಿಗೆ ನೀರು ಹಾಕಿಟ್ಟಳು. ಅವನಿಗೆಂದು ಮಾಡಿದ ಗ್ಲಾಸು ಕಟ್ಟೆಯ ಮೇಲೇ ಇತ್ತು. ಒಂದು ಗುಟುಕನ್ನೂ ಅವನು ಕುಡಿದಿರಲಿಲ್ಲ. ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಕುಡಿಯಲೂ ಬರಲಿಲ್ಲ.

ಅಮ್ಮ ಪಕ್ಕದ ಮನೆಯಿಂದ ಬಂದಳು. "ಮುಗೀತಾ ನಿಮ್ಮ ದರ್ಬಾರು? ಇನ್ನಾದರೂ ನನ್ನ ಅಡುಗೆಮನೆ ನನಗೆ ಸಿಕ್ಕಿತು" ಎನ್ನುತ್ತ ಒಳಗೆ ಕಾಲಿಟ್ಟವಳು ಮಗಳ ಬೆನ್ನು ನೋಡಿ ನಿಂತಳು. ಹಿಂದಕ್ಕೆ ಹೋಗಿ ಬಾಗಿಲು ಹಾಕಿ, ಚಿಲಕ ಹಾಕಿ ಬಂದಳು. ಮಗಳನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಅವನಿಗೆ ಹೇಳಿದೆಯಾ?" ಎಂದು ಕೇಳಿದಳು.

ಇವಳು ಬೆಚ್ಚಿ ನೋಡಿದಳು. ಅಮ್ಮನಿಗೆ ಯಾವಾಗಿಂದ ಗೊತ್ತಿತ್ತೋ.

"ಹೇಳಿದೆ ಅಮ್ಮ."

"ಏನಂದ?"

"ಚೆನ್ನಾಗಿರು ಅಂದ."

ಅಮ್ಮ ಸೆರಗಿನಿಂದ ಮಗಳ ಒದ್ದೆ ಕೈಗಳನ್ನು ಒಂದೊಂದೇ ಬೆರಳಾಗಿ ಒರೆಸಿದಳು.

"ಬಾಗಿಲು ಹಾಕಿ ಬಂದಿದ್ದೀನಿ" ಎಂದಳು. "ಇನ್ನು ಯಾರೂ ಬರಲ್ಲ. ಅತ್ತುಬಿಡು."

ಯಾರೂ ಬರುವುದಿಲ್ಲ ಎಂಬ ಆ ಮಾತನ್ನು ಕೇಳಿದ ಮೇಲೆ ಇವಳಿಗೆ ತಡೆಯಲಾಗಲಿಲ್ಲ.